ಅಡಿಪಟ್ಟಿಯ ಕೆಳಗಿನ ಸಾಲು

ಸುಬ್ರಹ್ಮಣ್ಯನವರಿಗೆ ಹಿಡಿಸದ ಸಂಗತಿಗಳನ್ನು ಬರೆದಿಡಲು ಹೊರಟರೆ ಕಾಗದದ ಸುರುಳಿಯ ಒಂದು ತುದಿಯನ್ನು ಹೆಬ್ಬಾಳದ ಮೇಲ್ಸೇತುವೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಯಲಹಂಕದವರೆಗೆ ನಡೆಯಬೇಕು. ಅಲ್ಲಿ ಹೋಗಿ ನಿಂತ ಮೇಲೂ ‘ಮುಂದಿನ ಪುಟ ನೋಡಿ’ ಎಂದು ಬರೆಯಬೇಕಾಗುತ್ತದೆ. ಹಿಡಿಸಿದ ಸಂಗತಿಗಳಿಗೆ ಬಸ್ ಟಿಕೆಟ್ಟಿನ ಹಿಂಬದಿ ಸಾಕು. ಅದರಲ್ಲಿ ಸ್ಪ್ಯಾನಿಷ್ ಭಾಷೆ ಇರುತ್ತದೆ, ಕಾರ್ಖಾನೆಯಿಂದ ತಂದ ಸ್ಟೀಲಿನ ಅಡಿಪಟ್ಟಿ ಇರುತ್ತದೆ, ಉಳಿದ ಜಾಗದಲ್ಲೆಲ್ಲ ಅವರೇ ಇರುತ್ತಾರೆ.

ಆರ್.ಟಿ. ನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯ ಅರ್ಧ ಭಾಗದಲ್ಲಿ ಅವರ ವಾಸ. ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಅನುವಾದ ಮಾಡುವುದು ಕಸುಬು. ಉತ್ತರ ಬೆಂಗಳೂರಿನಲ್ಲಿ ಈ ಕಸುಬಿನವರು ಇನ್ನೊಬ್ಬರಿಲ್ಲ. ಇದ್ದಿದ್ದರೆ ಸುಬ್ರಹ್ಮಣ್ಯನವರು ಒಂದು ಸಲ ಅವರನ್ನು ನೋಡುತ್ತಿದ್ದರು. ಆ ನೋಟಕ್ಕೆ ಅವರು ಕಸುಬು ಬಿಟ್ಟು ಕೊತ್ತಂಬರಿ ಸೊಪ್ಪು ಮಾರಲು ಹೋಗುತ್ತಿದ್ದರು.

ಆ ಭಾಷೆ ಅವರಿಗೆ ಅಂಟಿಕೊಂಡದ್ದು ಯಶವಂತಪುರದಾಚೆಯ ಒಂದು ಕಾರ್ಖಾನೆಯಲ್ಲಿ. ಅವರು ಅಲ್ಲಿ ಸೂಪರ್‌ವೈಸರ್ ಆಗಿದ್ದಾಗ ಸ್ಪೇನಿನಿಂದ ಒಂದು ಯಂತ್ರ ಬಂತು. ಜೊತೆಗೆ ಬಂದ ಕೈಪಿಡಿ ಯಂತ್ರಕ್ಕಿಂತ ಭಾರವಾಗಿತ್ತು. ಯಂತ್ರವನ್ನು ನಾಲ್ಕು ಜನ ಕೈಯಲ್ಲೇ ಇಳಿಸಿದರಂತೆ, ಕೈಪಿಡಿಗೆ ಕ್ರೇನ್ ತರಿಸಬೇಕಾಯಿತಂತೆ. ಪೂರ್ತಿ ಸ್ಪ್ಯಾನಿಷಿನಲ್ಲಿದ್ದ ಅದನ್ನು ನೋಡಿ ಎಲ್ಲರೂ ಕೈಚೆಲ್ಲಿದಾಗ ಸುಬ್ರಹ್ಮಣ್ಯನವರು ಒಂದು ನಿಘಂಟು ತರಿಸಿಕೊಂಡರು. ಪುಟದ ಮೇಲೆ ಅಡಿಪಟ್ಟಿ ಇಟ್ಟು, ಮೇಲಿನ ಸಾಲೊಂದೇ ಕಾಣಿಸುವಂತೆ ಮಾಡಿಕೊಂಡು, ಅದು ಪೂರ್ತಿ ಅರ್ಥವಾದ ಮೇಲೆ ಪಟ್ಟಿಯನ್ನು ಒಂದು ಸಾಲು ಕೆಳಗೆ ಸರಿಸುತ್ತ ಕುಳಿತರು. ಮೂರು ವರ್ಷ ಹಿಡಿಯಿತು. ಕೊನೆಗೆ ಯಂತ್ರದ ಪೆಟ್ಟಿಗೆ ಒಡೆಸಿದರೆ ಒಳಗೆಲ್ಲ ತುಕ್ಕು, ತುಕ್ಕಿನ ಮೇಲೆ ಅಣಬೆ, ಅಣಬೆಯ ನೆರಳಲ್ಲಿ ಬೆಕ್ಕು ಮರಿ ಹಾಕಿತ್ತು. ಕೈಪಿಡಿಯ ಕಟ್ಟಕಡೆಯ ಸಾಲು, ‘ಪೆಟ್ಟಿಗೆಯನ್ನು ತಲುಪಿದ ದಿನವೇ ತೆರೆಯತಕ್ಕದ್ದು’ ಎಂದಿತ್ತು.

ಬೇರೆಯವರಾಗಿದ್ದರೆ ಅವತ್ತೇ ಅಡಿಪಟ್ಟಿ ಬಿಸಾಡುತ್ತಿದ್ದರು. ಸುಬ್ರಹ್ಮಣ್ಯನವರು ಅದನ್ನು ಮನೆಗೆ ತಂದರು. ನಿವೃತ್ತರಾದ ಮೇಲೂ ಅದೇ ಕ್ರಮ. ಮೇಲಿನ ಸಾಲು ಮುಗಿಯದೆ ಕೆಳಗಿನ ಸಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. “ಮುಂದೇನಿದೆ ಅಂತ ಇಣುಕಿ ನೋಡೋನು ಅನುವಾದಕ ಅಲ್ಲ, ಚಾಡಿಕೋರ” ಎನ್ನುವರು. ಮೂವತ್ತು ವರ್ಷದಲ್ಲಿ ಒಂದು ಪದ ಸೇರಿಸಿದವರಲ್ಲ, ಒಂದು ಪದ ಬಿಟ್ಟವರಲ್ಲ, ಹೇಳಿದ ದಿನಕ್ಕೆ ಕೊಡದೆ ಇದ್ದವರಲ್ಲ.

ಮನೆ ಅರ್ಧವಾದ ಕಥೆ ಇದಕ್ಕೆ ಅಂಟಿಕೊಂಡೇ ಇದೆ. ಹದಿನಾಲ್ಕು ವರ್ಷದ ಕೆಳಗೆ ಅಪ್ಪನ ವೈದಿಕದ ದಿನ, ಮಧ್ಯಾಹ್ನ ಒಂದೂಮುಕ್ಕಾಲಿಗೆ, ಎರಡನೆಯ ಸಲ ಸಾರು ಬರುತ್ತಿದ್ದಾಗ ಪಂಕ್ತಿಯಲ್ಲಿದ್ದ ನೆಂಟರೊಬ್ಬರು ಕೇಳಿದರು: “ಅಲ್ಲ ಸುಬ್ಬಣ್ಣ, ಇಷ್ಟೆಲ್ಲ ಭಾಷೆ ಇರೋವಾಗ ನೀನ್ಯಾಕೆ ಹೋಗಿ ಸ್ಪ್ಯಾನಿಷ್ ಹಿಡ್ಕೊಂಡೆ?”

ಇವರು ತುತ್ತು ನುಂಗಿ ಉತ್ತರ ಕೊಡುವಷ್ಟರಲ್ಲಿ ತಮ್ಮ ನಿರಂಜನ ಬಾಯಿ ಹಾಕಿದ. ನಿರಂಜನ ಐದು ವರ್ಷ ಚಿಕ್ಕವನು, ಬ್ಯಾಂಕಿನಲ್ಲಿದ್ದವನು, ಎಲ್ಲರಿಗೂ ಬೇಕಾದವನು. ಅಂದರೆ ಅಣ್ಣನ ಲೆಕ್ಕದಲ್ಲಿ ಯಾತಕ್ಕೂ ಬೇಡದವನು.

“ಕನ್ನಡ ಬರೋರು ಯಾರೂ ಅಣ್ಣನ ಜೊತೆ ಮಾತಾಡ್ತಿರ್ಲಿಲ್ಲ, ಅದಕ್ಕೆ.”

ಪಂಕ್ತಿಯೆಲ್ಲ ನಕ್ಕಿತು. ನಗಬಾರದ ದಿನ ನಗಬಾರದ ಪುರೋಹಿತರು ನಕ್ಕರು. ಬಾಗಿಲಲ್ಲಿ ಸೌಟನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದ ಹೆಂಡತಿ ಕೃಷ್ಣವೇಣಿಯೂ ನಕ್ಕದ್ದನ್ನು ಅವರು ಕಣ್ಣಾರೆ ಕಂಡರು. ಹೆಂಡತಿಯ ಜೊತೆ ಮಾತು ಬಿಟ್ಟರೆ ಬೆಳಗಿನ ಕಾಫಿಗೆ ತೊಂದರೆ. ಆದ್ದರಿಂದ ತಮ್ಮನ ಜೊತೆ ಮಾತ್ರ ಬಿಟ್ಟರು. ಮೂರೇ ವಾರದಲ್ಲಿ ನಡುಮನೆಯ ಮಧ್ಯೆ ಗೋಡೆ ಎಬ್ಬಿಸಲು ಹೆಬ್ಬಾಳದ ಹಳಬ ಗಾರೆಯವ ದೊಡ್ಡಮುನಿಯಪ್ಪನನ್ನು ಕರೆಸಿದರು.

“ಇಂಗ್ಯಾಕ್ ಸಾಮಿ, ಅಣ್ತಮ್ಮಂದಿರ ಮದ್ಯ ಗ್ವಾಡೆ?” ದೊಡ್ಡಮುನಿಯಪ್ಪ ತಲೆ ಕೆರೆದುಕೊಂಡ.

“ನಿನ್ನನ್ನ ಕರೆಸಿದ್ದು ಇಟ್ಟಿಗೆ ಇಡೋಕೆ, ಪಂಚಾಯ್ತಿ ಮಾಡೋಕಲ್ಲ. ಒಂಬತ್ತಿಂಚಿನ ಗೋಡೆ ಕಟ್ಟು.”

“ನಾಕೂವರೆ ಇಂಚು ಸಾಕು ಬುಡಿ. ನಾಳೆ ಕೆಡವೋವಾಗ ನನ್ ಸುತ್ತಿಗೆ ಮುರಿಬಾರ್ದು.”

ಹೇಳಿದಂತೆಯೇ ಕಟ್ಟಿ ಹೋದ. ಗೋಡೆ ಎಷ್ಟು ತೆಳ್ಳಗೆಂದರೆ ಆಚೆ ಒಗ್ಗರಣೆಗೆ ಸಾಸಿವೆ ಹಾಕಿದರೆ ಈಚೆ ಸುಬ್ರಹ್ಮಣ್ಯನವರಿಗೆ ಸೀನು ಬರುತ್ತಿತ್ತು.

ವಿಧಿಗೆ ಕುಚೋದ್ಯ ಜಾಸ್ತಿ. ನಿರಂಜನನ ಮಗ ಗುರುಚರಣ್ ಹೆಸರಘಟ್ಟದ ಕಡೆ ಹಸುಗಳಿಗೆ ಚುಚ್ಚುಮದ್ದು ಹಾಕುವ ಡಾಕ್ಟರು. ಅಲ್ಲಿಗೆ ನಾಟ್ಯ ಕಲಿಯಲು ಬಂದಿದ್ದ ಇನೆಸ್ ಎಂಬ ಹುಡುಗಿಯನ್ನು ಮದುವೆಯಾಗಿ ಮನೆಗೆ ಕರೆದುಕೊಂಡು ಬಂದ. ಹುಡುಗಿ ಎಲ್ಲಿಯವಳು? ಸ್ಪೇನಿನವಳು! ಬೆಂಗಳೂರಿನಲ್ಲಿ ಒಂದು ಕೋಟಿ ಗೋಡೆ ಇದೆ. ಸ್ಪೇನ್ ದೇಶ ಬಂದು ನೆಲೆಸಿದ್ದು ಸುಬ್ರಹ್ಮಣ್ಯನವರು ಮಾತಾಡದ ಆ ಒಂದು ಗೋಡೆಯ ಹಿಂದೆ. ಅವಳು ದಿನಾ ಸಂಜೆ ಐದಕ್ಕೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಳು. ಈಚೆ ಇವರು ಗೋಡೆಗೆ ಸ್ಟೀಲ್ ಲೋಟ ಒತ್ತಿ, ಲೋಟಕ್ಕೆ ಕಿವಿ ಒತ್ತಿ ಕೂರುವರು. ಅವಳು ಪದಗಳ ಬಾಲವನ್ನೆಲ್ಲ ನುಂಗುತ್ತಾಳೆ ಎಂದು ಇವರ ದೂರು. ಹುಟ್ಟುಭಾಷೆಯಲ್ಲಿ ಅವಳು ಮಾಡಿದ ತಪ್ಪುಗಳನ್ನು ಎರಡು ವರ್ಷದಲ್ಲಿ ಎರಡು ನೋಟ್‌ಬುಕ್ ತುಂಬ ತಿದ್ದಿ ಇಟ್ಟಿದ್ದರು.

ಇಷ್ಟಿರಲಾಗಿ, ಭಾನುವಾರ ಅವರಿಗೆ ಎಪ್ಪತ್ತು. ಭೀಮರಥ ಶಾಂತಿ ಮಾಡಿಸಿಕೊಳ್ಳಬೇಕೆಂದು ಆರು ತಿಂಗಳ ಹಿಂದೆಯೇ ಕಲ್ಯಾಣಮಂಟಪ ಹಿಡಿದಿದ್ದರು. ಮುನ್ನೂರು ಜನಕ್ಕೆ ಕಾರ್ಡು ಹಂಚಿದ್ದರು. ಆ ಮುನ್ನೂರರಲ್ಲಿ ಇನ್ನೂರ ತೊಂಬತ್ತೊಂಬತ್ತು ಜನರನ್ನು ಕಂಡರೆ ಅವರಿಗಾಗದು. ಆದರೂ ಮಣೆಯ ಮೇಲೆ ಕೂತು ಅವರೆಲ್ಲ ಸಾಲಾಗಿ ಬಂದು ಕಾಲಿಗೆ ಬೀಳುವುದನ್ನು ಒಮ್ಮೆ ನೋಡಬೇಕು. ಜೀವಮಾನದಲ್ಲಿ ಬೇರೇನೂ ಬೇಡಿದ ಮನುಷ್ಯರಲ್ಲ.

ಅದೇ ವಾರ ಬುಧವಾರ ರುಖ್ಸಾರ್ ಫೋನ್ ಮಾಡಿದಳು. ಮುಖ್ಯರಸ್ತೆಯ ಬೇಕರಿಯ ಮೇಲೆ ಅವಳದೊಂದು ಅನುವಾದದ ಅಂಗಡಿ. ‘ನಲವತ್ತೆಂಟು ಭಾಷೆಗಳು’ ಎಂದು ಬೋರ್ಡು. ನೋಡಿದವರು ಒಳಗೆ ನಲವತ್ತೆಂಟು ಪಂಡಿತರು ಪಂಕ್ತಿಯಲ್ಲಿ ಕೂತಿರಬೇಕು ಅಂದುಕೊಳ್ಳುವರು. ಒಳಗಿರುವುದು ರುಖ್ಸಾರ್, ಒಂದು ಪ್ರಿಂಟರ್ ಮತ್ತು ಕೆಳಗಿನಿಂದ ಬರುವ ಬಿಸಿ ಬನ್ನಿನ ವಾಸನೆ. ಅವಳ ಸ್ಪ್ಯಾನಿಷ್ ಎಂದರೆ ಸುಬ್ರಹ್ಮಣ್ಯನವರು. ಇದು ಅವರ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬೇಕರಿಯ ಮೇಲಿನ ಅಂಗಡಿಗೆ ದುಡಿಯುವುದು ಅವಮಾನವೆಂದು, “ಮ್ಯಾಡ್ರಿಡ್‌ನೋರಿಗೆ ಕೆಲಸ ಮಾಡಿಕೊಡ್ತೀನಿ” ಎಂದು ರಸ್ತೆಗೆಲ್ಲ ಹೇಳಿಕೊಂಡು ಬಂದಿದ್ದರು.

“ಸರ್, ಒಂದ್ ಪರ್ಸನಲ್ ಲೆಟರ್ ಬಂದಿದೆ. ಇಂಗ್ಲಿಷ್ ಟು ಸ್ಪ್ಯಾನಿಷ್. ಶುಕ್ರವಾರ ಸಂಜೆ ಒಳಗೆ ಬೇಕಂತೆ. ಪಾರ್ಟಿ ವಯಸ್ಸಾದೋರು ಸರ್, ತುಂಬ ಒಳ್ಳೇವ್ರು.”

“ಒಳ್ಳೆಯವರಿಗೆ ಪತ್ರ ಬರೆಯೋಕೆ ಬರಲ್ಲಮ್ಮ. ಗುಡ್ ಮಾರ್ನಿಂಗ್ ಫಾರ್ವರ್ಡ್ ಮಾಡ್ತಾರೆ ಅಷ್ಟೆ. ಕಳಿಸು.”

ಪತ್ರ ಬಂತು. ಗುಟ್ಟು ಕಾಯುವ ನೇಮದಂತೆ ಹೆಸರುಗಳ ಮೇಲೆ ರುಖ್ಸಾರ್ ಕಪ್ಪು ಮಸಿ ಎಳೆದಿದ್ದಳು. ಸುಬ್ರಹ್ಮಣ್ಯನವರು ಮೇಜಿನ ಮುಂದೆ ಕೂತು ಅಡಿಪಟ್ಟಿ ಇಟ್ಟರು. ಮೊದಲ ಸಾಲಿನಲ್ಲಿ, ಬರೆದವನು ಸ್ಪೇನಿನ ತನ್ನ ಬೀಗರಿಗೆ ನಮಸ್ಕಾರ ಹೇಳಿದ್ದ. ಪಟ್ಟಿ ಸರಿಸಿದರು. ಎರಡನೆಯ ಸಾಲು: ‘ನಮ್ಮ ಮನೆಯ ಫೋಟೋ ನೋಡಿ, ನಡುಮನೆಯ ಮಧ್ಯೆ ಗೋಡೆ ಯಾಕಿದೆ ಎಂದು ಕೇಳಿದ್ದಿರಿ.’

ಮಸಿ ಎಳೆದು ಏನು ಬಂತು? ಕೈಬೆವರಿಗೆ ಅಡಿಪಟ್ಟಿ ಜಾರಿತು, ತಡೆದು ಹಿಡಿದರು. ಸೊಸೆಗೆ ಕೊಟ್ಟರೆ ಮನೆಯ ರಂಪ ಅವಳ ಬಾಯಿಂದಲೇ ಅವಳ ಅಮ್ಮನಿಗೆ ಹೇಳಿಸಿದಂತೆ ಎಂದು ನಿರಂಜನ ಹೊರಗಿನ ಅನುವಾದಕರನ್ನು ಹುಡುಕಿಕೊಂಡು ಹೋಗಿದ್ದಾನೆ. ನಲವತ್ತೆಂಟು ಪಂಡಿತರ ಬೋರ್ಡು ನೋಡಿ ಮೆಟ್ಟಿಲು ಹತ್ತಿದ್ದಾನೆ. ಅಣ್ಣ ಮ್ಯಾಡ್ರಿಡ್‌ನವರ ಅನುವಾದಕನಲ್ಲವೆ, ಅವನಿಗೇನು ಗೊತ್ತು ಪಾಪ!

ಮೂರನೆಯ ಸಾಲಿಗೆ ಪಟ್ಟಿ ಸರಿಸಿದರು. ‘ಆಚೆ ಇರುವವನು ನನ್ನ ಅಣ್ಣ. ವರ್ಷಗಳು ಕಳೆದಂತೆ ನಾವಿಬ್ಬರೂ ಡ್ರಿಫ್ಟೆಡ್ ಅಪಾರ್ಟ್.’

“ಡ್ರಿಫ್ಟಂತೆ!” ಸುಬ್ರಹ್ಮಣ್ಯನವರು ಕೂತಲ್ಲೇ ಕೂಗಿದರು. “ತೇಲ್ಕೊಂಡು ತೇಲ್ಕೊಂಡು ದೂರ ಆದ್ವಂತೆ! ಆರ್.ಟಿ. ನಗರದಲ್ಲಿ ತೇಲೋಕೆ ನೀರೆಲ್ಲಿದೆ? ಟ್ಯಾಂಕರ್‌ಗೆ ಫೋನ್ ಮಾಡಿ ಮೂರು ದಿನ ಕಾಯ್ಬೇಕು!”

ಒಳಗಿಂದ ಕೃಷ್ಣವೇಣಿ, “ಟ್ಯಾಂಕರ್ ಬಂತೇನ್ರೀ?” ಎಂದರು.

“ಬಂತು. ನಿನ್ನ ಮೈದುನನೇ ಡ್ರೈವರ್ರು” ಎಂದು ಮನಸ್ಸಿನಲ್ಲೇ ಅಂದುಕೊಂಡರು.

ಈ ಇಂಗ್ಲಿಷರ ಬಗ್ಗೆ ಅವರಿಗೆ ಮೊದಲಿಂದಲೂ ತಾತ್ಸಾರ. ಯಾರೂ ಏನೂ ಮಾಡಿರುವುದಿಲ್ಲ, ಎಲ್ಲ ತಾನಾಗಿ ಆಗಿರುತ್ತದೆ. ದೋಣಿ ತೇಲಿತು, ದಿಮ್ಮಿ ತೇಲಿತು, ಅಣ್ಣ ತಮ್ಮ ತೇಲಿದರು. ದಿನಾಂಕವಿದೆ, ಗಂಟೆಯಿದೆ, ಎರಡನೆಯ ಸಲದ ಸಾರಿದೆ, ಗಾರೆಯವನಿದ್ದಾನೆ. ತೇಲಿದ್ದು ಎಲ್ಲಿಂದ ಬಂತು? ಇದಕ್ಕೆ ಸ್ಪ್ಯಾನಿಷಿನಲ್ಲಿ ಯಾವ ಮಾತು ಹಾಕುವುದು? ‘ಸೆಪರಾರ್ಸೆ’ ಹಾಕಿದರೆ ವಕೀಲರು ಒಳಗೆ ಬರುತ್ತಾರೆ. ‘ಅಪರ್ತಾರ್ಸೆ’ ಎಂದರೆ ಎದುರಿಂದ ಬಸ್ಸು ಬಂದಾಗ ಪಕ್ಕಕ್ಕೆ ಸರಿದು ನಿಂತ ಹಾಗೆ. ‘ದಿಸ್ತಾನ್ಸಿಯಾರ್ಸೆ’ ಸರಿಹೊಂದೀತು, ಆದರೆ ಅದರಲ್ಲಿ ಪಕ್ಷ ಬಿಟ್ಟ ಮಂತ್ರಿಯ ವಾಸನೆ. ‘ಅಲೆಹಾರ್ಸೆ’ಯಲ್ಲಿ ಒಬ್ಬ ಮನುಷ್ಯ ಬೆನ್ನು ತಿರುಗಿಸಿ ನಡೆದುಕೊಂಡು ಹೋಗುವುದು ಕಾಣುತ್ತದೆ. ಆ ಬೆನ್ನು ಯಾರದೆಂದು ಅವರಿಗೆ ಗೊತ್ತಿತ್ತು. ದಿನಾ ಕನ್ನಡಿಯಲ್ಲಿ ಅದರ ಮುಂಭಾಗ ನೋಡುತ್ತಿದ್ದರು.

ಆ ಸಾಲಿನ ಮೇಲೆ ಬುಧವಾರ ಮುಗಿಯಿತು. ಸಂಜೆ ಐದಕ್ಕೆ ಅಭ್ಯಾಸಬಲದಿಂದ ಲೋಟ ತೆಗೆದುಕೊಂಡು ಗೋಡೆಗೆ ಹಚ್ಚಿದರು. ಆಚೆ ಸದ್ದಿಲ್ಲ. ಆಗ ಹೊಳೆಯಿತು. ಸದ್ದಿಲ್ಲದ್ದು ಇವತ್ತಲ್ಲ, ಮಂಗಳವಾರದಿಂದಲೇ ಇಲ್ಲ. ಇನೆಸ್ ತುಂಬಿದ ಬಸುರಿ ಎಂಬುದು ಲೋಟದ ಮೂಲಕ ಅವರಿಗೆ ತಿಳಿದೇ ಇತ್ತು.

ಲೋಟವನ್ನು ಗೋಡೆಯಿಂದ ತೆಗೆದು ಕೆಳಗಿಟ್ಟರು. ಅಣ್ಣ ತಮ್ಮ ಮಾತು ಬಿಡಬಹುದು, ಒಲೆ ಬೇರೆ ಮಾಡಬಹುದು, ನಡುವೆ ಗೋಡೆ ಎಬ್ಬಿಸಬಹುದು. ಆದರೆ ತಮ್ಮನ ಮನೆಯಲ್ಲಿ ಮೊಮ್ಮಗು ಹುಟ್ಟಿದರೆ ಅಣ್ಣನಿಗೂ ಹತ್ತು ದಿನ ವೃದ್ಧಿ ಸೂತಕ. ಆ ಹತ್ತು ದಿನ ಪೂಜೆಯಿಲ್ಲ, ಹೋಮವಿಲ್ಲ, ಶಾಂತಿಯಂತೂ ಕೇಳಲೇಬೇಡಿ. ಸೂತಕಕ್ಕೆ ನಾಲ್ಕೂವರೆ ಇಂಚೂ ಒಂದೇ, ಒಂಬತ್ತಿಂಚೂ ಒಂದೇ. ಇರುವುದು ಒಂದೇ ಕಿಂಡಿ: ಸುದ್ದಿ ತಿಳಿಯುವ ತನಕ ಸೂತಕ ತಟ್ಟುವುದಿಲ್ಲ.

ಅವರು ಮೇಜಿನ ಮೇಲಿನ ಪತ್ರ ನೋಡಿದರು. ಬೀಗರಿಗೆ ಬರೆದ ಪತ್ರ. ಮಂಗಳವಾರ ಮಗು ಹುಟ್ಟಿದ್ದರೆ ಅಲ್ಲಿ ಬರೆಯದೆ ಇನ್ನೆಲ್ಲಿ ಬರೆಯುತ್ತಾನೆ? ಅಡಿಪಟ್ಟಿಯ ಕೆಳಗಿನ ಸಾಲಿನಲ್ಲಿ ಆ ಮಗು ಮಲಗಿದೆ. ಪಟ್ಟಿ ಸರಿಸಿದರೆ ಶಾಂತಿ ಕೆಟ್ಟಿತು. ಸರಿಸದಿದ್ದರೆ ಶುಕ್ರವಾರದ ಮಾತು ಕೆಟ್ಟಿತು.

ಗುರುವಾರ ಬೆಳಿಗ್ಗೆ ಹೂವಿನ ಗೋಪಾಲಮ್ಮ ಗೇಟಿನ ಹತ್ತಿರ ಬುಟ್ಟಿ ಇಳಿಸಿ, “ಏನ್ ಸ್ವಾಮಿ, ತಾತ...” ಎಂದು ಶುರು ಮಾಡಿದಳು. ಒಳಗಿಂದ ಕೃಷ್ಣವೇಣಿ ಸೌಟಿನ ಸಮೇತ ಹಾರಿ ಬಂದರು. ಅರವತ್ತನಾಲ್ಕು ವರ್ಷದ ಮಂಡಿನೋವಿನ ಹೆಂಗಸು ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿದ್ದನ್ನು ರಸ್ತೆಯೇ ನೋಡಿತು.

“ಮೊಳ ಎಷ್ಟೇ ಗೋಪಾಲಮ್ಮ?”

“ದಿನಾ ಕೊಡೋ ರೇಟೇ ಕಣಕ್ಕ. ನಾನೇನ್ ಹೇಳಕ್ ಬಂದೆ ಅಂದ್ರೆ, ನಿಮ್ ಮೈದುನೋರ್ ಮನ್ಯಾಗೆ...”

“ನಂಗೇನೂ ಕೇಳಿಸ್ತಿಲ್ಲ! ಎರಡು ಮೊಳ ಕೊಟ್ಟು ಹೋಗೇ!” ಕೃಷ್ಣವೇಣಿ ಎರಡೂ ಕಿವಿ ಮುಚ್ಚಿಕೊಂಡರು. ಗೋಪಾಲಮ್ಮ ಇದ್ದಕ್ಕಿದ್ದಂತೆ ಏನೋ ನೆನಪಾದವಳಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಓಡಿದಳು. ಹಾಲಿನವನು ಅವತ್ತು ತಲೆ ತಗ್ಗಿಸಿಕೊಂಡು ಹಾಲಿಟ್ಟು ಹೋದ. ಎದುರುಮನೆಯವರು ಇವರನ್ನು ಕಂಡು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನು ಇನ್ನೊಮ್ಮೆ ಒಣಹಾಕಿದರು.

ಇಡೀ ರಸ್ತೆಗೆ ಗೊತ್ತಿದೆ, ಇಡೀ ರಸ್ತೆ ಬಾಯಿ ಮುಚ್ಚಿಕೊಂಡಿದೆ. ಇದು ಹೆಂಡತಿಯ ಏರ್ಪಾಟು ಎಂದುಕೊಂಡರು. ಶಾಂತಿಗೆ ಅವಳು ಕಡುನೀಲಿ ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ಸೀರೆಗಾಗಿ ಹೆಂಗಸು ಸುನಾಮಿಯನ್ನೂ ನಿಲ್ಲಿಸುತ್ತಾಳೆಂಬುದು ಅವರ ಅಭಿಪ್ರಾಯ.

ಮಧ್ಯಾಹ್ನ ಪುರೋಹಿತರಿಗೆ ಫೋನ್ ಮಾಡಿದರು.

“ಒಬ್ಬರ ದಾಯಾದಿ ಮನೇಲಿ ಮಗು ಹುಟ್ಟಿದೆ ಅಂತ ಇಟ್ಕೊಳ್ಳಿ.”

“ಅಯ್ಯಯ್ಯೋ, ನಿಮಗ್ಯಾರು ಹೇಳಿದ್ದು?” ಪುರೋಹಿತರ ದನಿ ಒಡೆಯಿತು.

“ಯಾರೂ ಹೇಳಿಲ್ಲ. ಮಾತಿಗೆ ಕೇಳ್ತಿದೀನಿ. ಸುದ್ದಿ ಒಂದು ಕಾಗದದಲ್ಲಿದೆ. ಕಾಗದ ಆ ಮನುಷ್ಯನ ಮುಂದೇನೇ ಇದೆ. ಅವನಿನ್ನೂ ಓದಿಲ್ಲ.”

“ಓದಿಲ್ಲ ಅಂದ್ರೆ ಸೂತಕ ಇಲ್ಲ.”

“ಊಹೆ ಇದೆ.”

“ಊಹೆಗೆಲ್ಲ ಸೂತಕ ಹಿಡಿಯೋದಾದ್ರೆ ಬೆಂಗಳೂರಲ್ಲಿ ಒಂದು ದೇವಸ್ಥಾನದ ಬಾಗಿಲೂ ತೆಗೆಯೋ ಹಾಗಿಲ್ಲ, ಸ್ವಾಮಿ. ಆ ಮನುಷ್ಯ ಭಾನುವಾರ ಸಂಜೆ ಆರಾಮಾಗಿ ಓದ್ಲಿ. ಅಲ್ಲಿವರೆಗೂ ಕನ್ನಡಕ ತೆಗೆದು ಡಬ್ಬೀಲಿ ಇಟ್ಟಿರ್ಲಿ.”

ಶಾಸ್ತ್ರ ಇಷ್ಟು ಬಳುಕುವುದಕ್ಕೆ ಕಾರಣ ಸುಬ್ರಹ್ಮಣ್ಯನವರಿಗೆ ಗೊತ್ತಿತ್ತು. 'ಶಾಂತಿಗೆ ಗೊತ್ತುಮಾಡಿದ ಹನ್ನೊಂದು ಋತ್ವಿಜರಲ್ಲಿ ಇಬ್ಬರು ಪುರೋಹಿತರ ಅಳಿಯಂದಿರು. ಸಮುದ್ರವನ್ನೇ ದಾಟಬಾರದೆಂದಿದ್ದ ಶಾಸ್ತ್ರ ಇದೇ ಹೊಟ್ಟೆಗಳನ್ನು ಹೊತ್ತು ವಿಮಾನ ಹತ್ತಿಲ್ಲವೆ' ಎಂದುಕೊಂಡು ಫೋನ್ ಇಟ್ಟರು. ಆದರೂ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು.

ಕನ್ನಡಕವಿಲ್ಲದೆ ಕೂತರೆ ಮೂರನೆಯ ಸಾಲು ಇನ್ನೂ ಚೆನ್ನಾಗಿ ಕಂಡಿತು. ನಾವಿಬ್ಬರೂ ದೂರವಾದೆವು. ನಿರಂಜನನಿಗೆ ನಿಜ ಗೊತ್ತಿಲ್ಲವೆ? ‘ಅಣ್ಣ ಗೋಡೆ ಕಟ್ಟಿಸಿದ’ ಎಂದು ಬರೆದಿದ್ದರೆ ಯಾರು ಬೇಡವೆನ್ನುತ್ತಿದ್ದರು? ಹಾಗೆ ಬರೆದಿದ್ದರೆ ಇವರಿಗೂ ಸುಖವಿತ್ತು. ಅರ್ಧ ನಿಮಿಷದಲ್ಲಿ ಅನುವಾದ ಮುಗಿಸಿ, ಉಳಿದ ಆಯುಷ್ಯವನ್ನು ಕೋಪದಲ್ಲಿ ಕಳೆಯಬಹುದಿತ್ತು. ಒಂದು ಚೀಟಿಯಲ್ಲಿ ಅವರೇ ಸ್ಪ್ಯಾನಿಷಿನಲ್ಲಿ ಬರೆದು ನೋಡಿದರು: ‘ಅಣ್ಣನೇ ದೂರ ಹೋದ.’ ಸಾಲು ಗಟ್ಟಿಯಾಗಿತ್ತು, ಸುಂದರವಾಗಿತ್ತು, ನಿಜವಾಗಿತ್ತು. ಆದರೆ ಪತ್ರದಲ್ಲಿ ಇಬ್ಬರೂ ಎಂದಿದೆ. ಇನ್ನೊಬ್ಬರ ಪತ್ರದಲ್ಲಿ ತಿದ್ದುವ ಹಕ್ಕು ಅವರಿಗಿಲ್ಲ. ಚೀಟಿ ಹರಿದರು. ಪಟ್ಟಿ ಸರಿಯಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ರುಖ್ಸಾರ್ ಫೋನ್ ಬಂತು.

“ಸರ್, ಆಯ್ತಾ? ಪಾರ್ಟಿ ಬಂದು ಕೂತ್ಬಿಟ್ಟಿದಾರೆ.”

ಅವಳ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಎರಡು ಸಣ್ಣದು, ಒಂದು ಉದ್ದ. ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ ಪಕ್ಕದಲ್ಲಿ ಕೇಳಿದ ಕೆಮ್ಮು.

“ಒಂದು ಸಾಲಿನ ಹತ್ರ ನಿಂತಿದೆಯಮ್ಮ. ಸೋಮವಾರ ಕೊಡ್ತೀನಿ.”

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ದರೂ ರುಖ್ಸಾರ್‌ಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

“ಸೋಮವಾರ ಆಗಲ್ಲ ಸರ್, ಅವ್ರಿಗೆ ಇವತ್ತೇ ಕಳಿಸ್ಬೇಕಂತೆ. ಬೇಜಾರ್ ಮಾಡ್ಕೋಬೇಡಿ, ಕಂಪ್ಯೂಟರ್‌ಗೆ ಹಾಕಿ ಕೊಟ್ಬಿಡ್ತೀನಿ. ಈಗೆಲ್ಲ ಅದೂ ಚೆನ್ನಾಗೇ ಮಾಡುತ್ತೆ.”

“ಹಾಕು, ಮೂರನೇ ಸಾಲು ಓದು ನೋಡೋಣ.”

ಎರಡು ಸೆಕೆಂಡು. ರುಖ್ಸಾರ್ ತಡವರಿಸುತ್ತ ಓದಿದಳು: “ನೋಸ್... ಸೆಪರಾಮೋಸ್.”

“ಸೆಪರಾಮೋಸಾ!” ಸುಬ್ರಹ್ಮಣ್ಯನವರು ಎದ್ದು ನಿಂತರು. “ಬೀಗಿತ್ತಿ ಓದಿದ್ರೆ, ಅಣ್ಣ ತಮ್ಮ ಕೋರ್ಟಿಗೆ ಹೋಗಿ ಸಹಿ ಹಾಕಿ ಬೇರೆ ಆದ್ರು ಅಂದ್ಕೋತಾಳಮ್ಮ! ಹದಿನಾಲ್ಕು ವರ್ಷ ಎಲ್ಲಿ ಹೋಯ್ತು? ದಿನಾ ಸ್ವಲ್ಪ ಸ್ವಲ್ಪ ದೂರ ಆಗೋಕೆ ಎಷ್ಟು ಕಷ್ಟ ಪಡಬೇಕು ಅಂತ ಆ ಡಬ್ಬಕ್ಕೇನು ಗೊತ್ತು? ಮುಟ್ಟಬೇಡ ಅದನ್ನ! ಹದಿನೈದು ನಿಮಿಷ ಕೊಡು.”

ಡಬ್ಬಿಯಿಂದ ಕನ್ನಡಕ ತೆಗೆದರು. ‘ನೋಸ್ ಫುಯಿಮೋಸ್ ಅಲೆಹಾಂದೊ’ ಎಂದು ಬರೆದರು. ಇಬ್ಬರು, ಒಬ್ಬರಿಂದೊಬ್ಬರು, ಮೆಲ್ಲಗೆ, ದಿನದಿನಕ್ಕೆ ದೂರ ನಡೆಯುತ್ತ ಹೋದೆವು. ಬೆನ್ನು ಒಂದೇ ಆಗಿದ್ದರೂ ತಮ್ಮ ಎರಡು ಬೆನ್ನು ಬರೆದಿದ್ದಾನೆ, ಎರಡನ್ನೂ ಇಟ್ಟರು. ಜೀವಮಾನದಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿರಲಿಲ್ಲ.

ಆಮೇಲೆ ಅಡಿಪಟ್ಟಿ ಸರಿಸಿದರು.

‘ಮಂಗಳವಾರ ಬೆಳಗಿನ ಜಾವ ಯಲಹಂಕದ ಆಸ್ಪತ್ರೆಯಲ್ಲಿ ನಮಗೆ ಮೊಮ್ಮಗಳು ಹುಟ್ಟಿದಳು.’

ಸರಿ, ಆಯಿತು. ಮುನ್ನೂರು ಜನ ಕಾಲಿಗೆ ಬೀಳುವುದು ಕಣ್ಣಮುಂದೆ ಮಸುಕಾಯಿತು. ಸುಬ್ರಹ್ಮಣ್ಯನವರು ಆ ಸಾಲನ್ನು ಅನುವಾದ ಮಾಡಿ ಮುಂದಕ್ಕೆ ಸರಿಸಿದರು.

‘ದಯವಿಟ್ಟು ಭಾನುವಾರ ಸಂಜೆಯ ತನಕ ಮಗುವಿನ ಫೋಟೋವನ್ನು ಎಲ್ಲೂ ಹಾಕಬೇಡಿ. ನಮ್ಮ ಪದ್ಧತಿಯಲ್ಲಿ ಈ ಸುದ್ದಿ ತಿಳಿದರೆ ಅಣ್ಣ ಹತ್ತು ದಿನ ಶುಭಕಾರ್ಯ ಮಾಡುವಂತಿಲ್ಲ. ಭಾನುವಾರ ಅವನಿಗೆ ಎಪ್ಪತ್ತು. ನಾನೇ ಮನೆಮನೆಗೆ ಹೋಗಿ, ಹೂವಿನವಳಿಗೆ, ಹಾಲಿನವನಿಗೆ, ಪುರೋಹಿತರಿಗೂ ಹೇಳಿ ಬಾಯಿ ಮುಚ್ಚಿಸಿದ್ದೇನೆ. ಗೊತ್ತಾದರೂ ಅವನು ಇದಕ್ಕೆ ಸಂತೋಷ ಪಡುವ ಜಾತಿಯಲ್ಲ. ಆದರೂ ಎಪ್ಪತ್ತು ಒಂದೇ ಸಲ ಬರುತ್ತದೆ.’

ಸುಬ್ರಹ್ಮಣ್ಯನವರು ಪೆನ್ನನ್ನು ಮೇಜಿಗೆ ಕುಕ್ಕಿದರು. ಇವನ ಉಪಕಾರ! ಇವನ ದಯೆಯಿಂದ ತಾನು ಮಣೆಯ ಮೇಲೆ ಕೂರಬೇಕೆ? ಪುರೋಹಿತ, ಹೂವಿನವಳು, ಹಾಲಿನವನು, ಇಡೀ ರಸ್ತೆ ಬಂದು ಕಾಲಿಗೆ ಬೀಳುವಾಗ ಒಬ್ಬೊಬ್ಬರ ಬಾಯಲ್ಲೂ ನಿರಂಜನ ಹಾಕಿದ ಬೀಗ ಇರುತ್ತದೆ. ಅಂಥ ಶಾಂತಿ ಮಾಡಿಸಿಕೊಳ್ಳುವ ಬದಲು ಎಪ್ಪತ್ತನ್ನೇ ತುಂಬದೆ ಅರವತ್ತೊಂಬತ್ತರಲ್ಲಿ ನಿಂತುಬಿಡುವುದು ಮೇಲು.

ಆದರೂ ಆ ಸಾಲುಗಳನ್ನು ಒಂದು ಪದ ಬಿಡದೆ ಸ್ಪ್ಯಾನಿಷಿಗೆ ಇಳಿಸಿದರು. ಕೊನೆಯಲ್ಲಿ ಮೂವತ್ತು ವರ್ಷದಲ್ಲಿ ಮೊಟ್ಟಮೊದಲ ಸಲ ಒಂದು ಗೆರೆ ಎಳೆದು, ಗೆರೆಯ ಕೆಳಗೆ, ಪತ್ರಕ್ಕೆ ಸೇರದಂತೆ, ಗಿರಾಕಿಗೆಂದು ಕನ್ನಡದಲ್ಲಿ ಬರೆದರು: ‘ಅನುವಾದಕನ ಟಿಪ್ಪಣಿ. ಅಣ್ಣನಿಗೆ ಗೊತ್ತಾಗಿದೆ. ಭಾನುವಾರದ್ದು ನಿಂತಿದೆ. ಬರುವ ಶುಕ್ರವಾರ ಹನ್ನೊಂದನೆಯ ದಿನದ ಪುಣ್ಯಾಹ ಎರಡೂ ಮನೆಗೆ ಒಟ್ಟಿಗೆ ಮಾಡಿಸುವುದು. ಒಂದೇ ಮನೆಗೆ ಎರಡು ಸಲ ಬಂದು ಉಣ್ಣುವ ಯೋಗ್ಯತೆ ಆ ಪುರೋಹಿತನಿಗಿಲ್ಲ.’

ರುಖ್ಸಾರ್‌ಗೆ ಕಳಿಸಿದರು. ಅಡುಗೆಯವರಿಗೆ, ಮಂಟಪದವರಿಗೆ ಫೋನ್ ಮಾಡಿ ಬೇಡವೆಂದರು. ಆಮೇಲೆ ಬಚ್ಚಲಿಗೆ ಹೋಗಿ ದಬದಬ ತಲೆಗೆ ನೀರು ಹೊಯ್ದುಕೊಂಡರು.

“ಏನ್ರೀ ಇದು, ಇಷ್ಟ್ ಹೊತ್ತಲ್ಲಿ ಸ್ನಾನ?” ಕೃಷ್ಣವೇಣಿ ಬಾಗಿಲು ಬಡಿದರು.

“ಸೂತಕ ಕಣೇ. ಹೆಣ್ಣು ಮಗು.”

“ಅಯ್ಯೋ ದೇವ್ರೇ! ಯಾರ್ರೀ ಹೇಳಿದ್ದು ನಿಮಗೆ? ಆ ಗೋಪಾಲಮ್ಮ ತಾನೆ?”

“ಯಾರೂ ಹೇಳ್ಲಿಲ್ಲ. ನಾನೇ ಅನುವಾದ ಮಾಡ್ಕೊಂಡೆ. ನಿನ್ನ ನೀಲಿ ಸೀರೆ ಶುಕ್ರವಾರಕ್ಕೆ ಇಟ್ಕೋ.”

ಇನ್ನು ಮುಚ್ಚಿಡುವುದೇನೂ ಇಲ್ಲವಲ್ಲ ಎಂದು ಕೃಷ್ಣವೇಣಿ, “ಮೂರು ಕೆ.ಜಿ. ಇದೆಯಂತ್ರೀ. ಮೂಗು ನಿಮ್ಮದೇ ಅಂತೆ, ಪಾಪ” ಎಂದರು.

ಸುಬ್ರಹ್ಮಣ್ಯನವರು ಒದ್ದೆ ತಲೆಯಲ್ಲಿ ಬಂದು ಮೇಜಿನ ಮುಂದೆ ಕೂತರು. ಅರ್ಧ ಗಂಟೆಯಲ್ಲಿ ಗೋಡೆಯಾಚೆ ಬಾಗಿಲು ತೆಗೆದ ಸದ್ದು, ಚಪ್ಪಲಿ ಬಿಟ್ಟ ಸದ್ದು, ಕಾಗದದ ಸರಸರ. ಹೆಜ್ಜೆಗಳು ನೆಟ್ಟಗೆ ಗೋಡೆಯ ಹತ್ತಿರ ಬಂದು ನಿಂತವು. ಕೆಮ್ಮು. ಎರಡು ಸಣ್ಣದು, ಒಂದು ಉದ್ದ.

“ಅಣ್ಣಾ...” ಎಂದಿತು ಗೋಡೆ. “ಬೇಕರಿ ಮೇಲೆ ಮ್ಯಾಡ್ರಿಡ್ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ.”

ಸುಬ್ರಹ್ಮಣ್ಯನವರು ಹದಿನಾಲ್ಕು ವರ್ಷ ಕೂಡಿಟ್ಟ ಮಾತುಗಳಲ್ಲಿ ಮೊದಲು ಯಾವುದನ್ನು ತೆಗೆಯುವುದೆಂದು ಹುಡುಕಿದರು. ಒಂದಕ್ಕಿಂತ ಒಂದು ಹರಿತವಾದವು ಸಾಲಾಗಿ ನಿಂತಿದ್ದವು. ಕೊನೆಗೆ ಗೋಡೆಗೆ ಕೇಳುವಂತೆ ಹೇಳಿದರು:

“ಮಗೂಗೆ ಸ್ಪ್ಯಾನಿಷ್ ನಾನು ಕಲಿಸ್ತೀನಿ. ಅವಳಮ್ಮನ ಕೈಗೆ ಬಿಟ್ರೆ ಕೆಟ್ಟು ಕುಲಗೆಟ್ಟು ಹೋಗುತ್ತೆ.”

ಗೋಡೆಯಾಚೆ ನಿರಂಜನ ನಕ್ಕ. ಅದೇ ನಗು, ಎರಡನೆಯ ಸಲದ ಸಾರಿನ ಹೊತ್ತಿನದು. ಅಡುಗೆಮನೆಯಲ್ಲಿ ಕೃಷ್ಣವೇಣಿಯೂ ನಕ್ಕರು, ಈ ಸಲ ಸೌಟನ್ನೂ ಬಾಯಿಗೆ ಅಡ್ಡ ಹಿಡಿಯದೆ. ಎರಡು ನಗುವಿನ ನಡುವೆ ಕೂತ ಸುಬ್ರಹ್ಮಣ್ಯನವರು ಅಡಿಪಟ್ಟಿ ತೆಗೆದುಕೊಂಡು ಎದ್ದು ಹೋಗಿ, ಕಿಟಕಿಯ ಪಕ್ಕ ಗೋಡೆಯ ತುದಿಯಲ್ಲಿ ಇಟ್ಟಿಗೆ ಕಾಣುವ ಕಡೆ ಅದರ ದಪ್ಪ ಅಳೆದರು.

ನಾಲ್ಕೂವರೆಯೂ ಇರಲಿಲ್ಲ. ನಾಲ್ಕೂಕಾಲು.

“ಕಳ್ಳ ಮುನಿಯಪ್ಪ!” ಎಂದು ಗೊಣಗಿಕೊಂಡರು.